ಹಳೆಯ ಕಾರಿನ ತಂಪು

ಮಠದಲ್ಲಿದ್ದ ನೀಲಮ್ಮ ಸಂಜೆ ನೀರು ತಂದರೆ ಎರಡು ಲೋಟಕ್ಕೆ ಹಾಕುವಳು. ಒಂದು ತನಗೆ. ಇನ್ನೊಂದು, ಅಲ್ಲೇ ತೀರಿಹೋದ ಅಕ್ಕನದು. ಅಕ್ಕನ ಲೋಟವನ್ನು ಅವಳು ಎಂದೂ ಬರಿದು ಮಾಡುತ್ತಿರಲಿಲ್ಲ. ಆರಿ ಇಳಿದಷ್ಟನ್ನು ಮಾತ್ರ ಮೇಲಿನಿಂದ ತುಂಬುವಳು. ಪಕ್ಕದಲ್ಲಿ ಯಾರಾದರೂ ಕೂರಲು ಬಂದರೆ ಆ ಲೋಟವನ್ನು ಅಲ್ಲಿಗೆ ಸರಿಸಿ ಜಾಗ ಹಿಡಿಯುವಳು.

ಒಂದು ಸಂಜೆ ಅವಳು ಕೇಳಿದಳು: "ಗುರುಗಳೇ, ಇಲ್ಲಿ ಎಲ್ಲರೂ ನನ್ನನ್ನು ಕರೆದು ಮಾತಾಡಿಸುತ್ತಾರೆ. ಆದರೂ ನನಗೆ ಯಾರೂ ಇಲ್ಲ ಅನಿಸುತ್ತದಲ್ಲ, ಯಾಕೆ?"

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಬಳಿ ಹಳೆಯ ಕಾರಿತ್ತು. ಅವನ ಹೆಂಡತಿಗೆ ಸೆಖೆ ತಡೆಯದು. ಅವಳು ಬದುಕಿದ್ದ ಕೊನೆಯ ಬೇಸಿಗೆಯಲ್ಲಿ, ಅವಳಿಗೆಂದೇ ಎ.ಸಿ.ಗೆ ಗ್ಯಾಸ್ ತುಂಬಿಸಿದ್ದ. ಅವಳು ಹೋದಳು, ತಂಪು ಉಳಿಯಿತು. ಅಂಗಡಿ ಮುಚ್ಚಿದ ಮೇಲೆ ಅವನು ಕಾರಿನ ಗಾಜು ಏರಿಸಿಕೊಂಡು ಒಬ್ಬನೇ ಕೂರುತ್ತಿದ್ದ. ಬರಬರುತ್ತ ಆ ತಂಪೂ ಕುಂದಿತು.

ಮೆಕ್ಯಾನಿಕ್ ನೋಡಿ ಹೇಳಿದ: "ಸಾಹುಕಾರ್ರೇ, ಎಲ್ಲೋ ಸೋರುತ್ತಿದೆ. ಈ ಗಾಡಿಯ ಹಳೆಯ ಗ್ಯಾಸ್ ಈಗ ಸಿಗುವುದಿಲ್ಲ. ಸೋರುವುದನ್ನು ಮುಚ್ಚಿ ಹೊಸ ಬಗೆಯದು ಹಾಕೋಣ. ಆದರೆ ಒಳಗಿರುವುದನ್ನು ಪೂರ್ತಿ ತೆಗೆಯಬೇಕು, ಕಂಪ್ರೆಸರಿನ ಆಯಿಲ್ ಬದಲಿಸಬೇಕು."

"ತೆಗೆಯಬೇಡಪ್ಪ. ಇರುವುದರ ಮೇಲೇ ತುಂಬು."

"ಇದೇನು ಉಪ್ಪಿನಕಾಯಿ ಜಾಡಿಯೇ, ಮೇಲೆ ಮೇಲೆ ತುಂಬಲು? ಹಳೆಯ ಆಯಿಲ್ ಹೊಸ ಗ್ಯಾಸಿನ ಜೊತೆ ಓಡುವುದಿಲ್ಲ. ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ತೆಗೆದದ್ದನ್ನು ನಾನು ಗಾಳಿಗೆ ಬಿಡುವವನಲ್ಲ, ಬೇರೆ ಸಿಲಿಂಡರಿನಲ್ಲಿ ಇಡುತ್ತೇನೆ."

ಅದು ಅವಳಿದ್ದಾಗ ತುಂಬಿಸಿದ್ದು ಎಂದು ಹೇಳಲು ವ್ಯಾಪಾರಿಗೆ ಬಾಯಿ ಬರಲಿಲ್ಲ. "ನಿನಗೆ ಕೆಲಸ ಬೆಳೆಸುವ ಚಟ" ಎಂದು ರೇಗಿ, ಹೇಳಿದಂತೆ ಕೇಳುವ ಇನ್ನೊಂದು ಗ್ಯಾರೇಜು ಹುಡುಕಿದ. ಅಲ್ಲಿ ಹಳೆಯದರ ಮೇಲೇ ಹೊಸದನ್ನು ತುಂಬಿದರು.

ತುಸು ದಿನ ತಂಪು ಬಂತು. ಆಮೇಲೊಂದು ಮಧ್ಯಾಹ್ನ, ಸುಡುವ ರಸ್ತೆಯಲ್ಲಿ, ಕಂಪ್ರೆಸರ್ ಕಿರುಗುಟ್ಟಿ ನಿಂತಿತು. ಬಿಚ್ಚಿದಾಗ ಒಳಗಿದ್ದುದೆಲ್ಲ ಬುಸ್ಸೆಂದು ಹೊರಟುಹೋಯಿತು. ಅದರಲ್ಲಿ ಹೊಸದೆಷ್ಟು, ಅವಳದೆಷ್ಟು, ಯಾರು ಹೇಳಬೇಕು?

ಅಂದಿನಿಂದ ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ, "ಒಳಗೆ ಸೆಖೆ, ನಿಮಗಾಗದು" ಎಂದು ಹೇಳಿ ಮುಂದೆ ಹೋಗುತ್ತಿದ್ದ.

ಗುರುಗಳು ಕಥೆ ಮುಗಿಸಿದರು. ನೀಲಮ್ಮನಿಗೆ ಆ ವ್ಯಾಪಾರಿಯ ಪಕ್ಕದ ಖಾಲಿ ಸೀಟೇ ಕಣ್ಣಿಗೆ ಕಟ್ಟಿತು.

"ಪಾಪ ಗುರುಗಳೇ, ಅವನು ಉಳಿಸಿಕೊಳ್ಳೋಣ ಅಂತ ತಾನೇ ಹಾಗೆ ಮಾಡಿದ್ದು?"

ಗುರುಗಳು ಎದ್ದು ಬಂದು, ಅಕ್ಕನ ಲೋಟವಿದ್ದ ಕಡೆಯೇ ನೆಲಕ್ಕೆ ಕೂತು ಕೈ ಚಾಚಿದರು.

"ಬಾಯಾರಿದೆ ತಾಯಿ, ಆ ಲೋಟ ಬರಿದು ಮಾಡಿ ಅದರಲ್ಲೇ ನನಗಿಷ್ಟು ಹೊಸ ನೀರು ಕೊಡು."

ನೀಲಮ್ಮ ಲೋಟವನ್ನೇ ನೋಡುತ್ತ ಕೂತಳು.