ಬೆನ್ನುಗಲ್ಲಮ್ಮನು ತುಂಬುಬಸುರಿಗೆ ಒಲಿದ ಕಥೆ

ಕಾಲಕಾಲಕ್ಕೆ ಮಳೆ ಸುರಿದು ಸಸ್ಯಸಂಪತ್ತು ತುಂಬಿ ತುಳುಕುತ್ತಿದ್ದ ಪುರಾತನ ಯುಗದಲ್ಲಿ, ಅದು ತ್ರೇತಾಯುಗವೆಂದು ನಮ್ಮ ಅಜ್ಜಂದಿರೂ ದ್ವಾಪರವೆಂದು ಅಜ್ಜಿಯರೂ ಸಾಧಿಸುತ್ತ ಬಂದಿರುವುದರಿಂದ ಈ ಕಿರುಹೊತ್ತಗೆಯನ್ನು ಬರೆಯುವ ನನಗೆ ನಿರ್ಣಯಿಸಲು ಧೈರ್ಯವಿಲ್ಲ, ಈ ಬೆಟ್ಟದ ತಪ್ಪಲಿನ ಕುರುಬರ ಹಟ್ಟಿಯಲ್ಲಿ ಮಾಳಿಂಗನೆಂಬ ಕುರಿಗಾಹಿಯು ಹಾಲವ್ವನೆಂಬ ಧರ್ಮಪತ್ನಿಯೊಡನೆ ಸುಖದಿಂದ ಬಾಳುತ್ತಿದ್ದನು. ಚೊಚ್ಚಲ ಗರ್ಭವು ಪೂರ್ಣತೆಯನ್ನು ಸಮೀಪಿಸುತ್ತಿದ್ದಂತೆ ಆಕೆಯ ಉದರದ ಮೇಲೆ ಕೆಂಪು ದದ್ದುಗಳೆದ್ದು, ತೊಡೆತೋಳುಗಳಿಗೆ ಹಬ್ಬಿ, ಕಂಬಳಿ ಸೋಕಿದರೂ ಗಾಳಿ ಸೋಕಿದರೂ ಸಹಿಸಲಾಗದ ಕಂಡೂಬಾಧೆಯು ಆರಂಭವಾಯಿತು. ಕಂಡೂ ಎಂದರೆ ತುರಿಕೆ. ಸಂಸ್ಕೃತದಲ್ಲಿ ಹೇಳಿದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ.

ಹಟ್ಟಿಗೆ ಹಟ್ಟಿಯೇ ಗೊಂದಲಕ್ಕೆ ಬಿದ್ದಿತು. ಹುತ್ತ ತುಳಿದಿದ್ದಾಳೆ ಎಂದರು ಕೆಲವರು, ಬದನೆಕಾಯಿ ತಿಂದಿದ್ದಾಳೆ ಎಂದರು ಕೆಲವರು, ಅತ್ತೆ ಬಾಳವ್ವನು ಬೆಳಿಗ್ಗೆ ಒಂದು ಕಾರಣ ಹೇಳಿ ಸಂಜೆಗೆ ಇನ್ನೊಂದು ಹೇಳಿದಳು. ಮಾಳಿಂಗನಿಗೋ ಕುರಿಯ ಮೈ ಗೊತ್ತಿದ್ದಷ್ಟು ಹೆಂಡತಿಯ ಮೈ ಗೊತ್ತಿರಲಿಲ್ಲ. ಕಜ್ಜಿ ಹತ್ತಿದ ಕುರಿಯನ್ನು ಬೇರ್ಪಡಿಸದಿದ್ದರೆ ಹಿಂಡೆಲ್ಲ ಕೆಡುವುದೆಂಬ ಕುಲವಿದ್ಯೆಯನ್ನು ಬಲ್ಲ ಅವನು, ಹಟ್ಟಿಯಲ್ಲಿ ಬೇರೆ ಬಸುರಿಯರೂ ಇದ್ದಾರಲ್ಲ ಎಂದು ಹೆದರಿ, ಬೆಟ್ಟದ ಇಳಿಜಾರಿನಲ್ಲಿ ಒಂದು ದುಂಡು ಬಂಡೆಯ ಸುತ್ತ ಮುಳ್ಳುಬೇಲಿ ಹಾಕಿ, ಹಸಿ ಹುಲ್ಲು ಹಾಸಿ, ಮೈಗೆ ಹೊಂಗೆಯೆಣ್ಣೆ ಸವರಿ ಹಾಲವ್ವನನ್ನು ಅದರೊಳಗೆ ಇರಿಸಿದನು. ಪ್ರೀತಿಯಿಂದಲೇ ಇರಿಸಿದನು. ನನಗೆ ಸಿಟ್ಟು ಬರುವುದೂ ಅದಕ್ಕೇ.

ಹಟ್ಟಿಯ ಸೂಲಗಿತ್ತಿಯೂ ಈ ಮೈಯನ್ನು ತಾನು ಮುಟ್ಟೆನೆಂದು ಕೈಯೆತ್ತಿಬಿಟ್ಟಳು. ಹೀಗಾಗಿ ಆ ಸಾಧ್ವಿಯು ಮುಳ್ಳಿನ ನಡುವೆ ಏಕಾಕಿಯಾಗಿ ಪ್ರಸವಿಸಬೇಕಾದ ಘೋರ ಸಂಕಟವು ಒದಗಿತು.

"ಬ್ಯಾನಿ ಬಂದಾಗ ನನ್ನ ಯಾರ್ ಹಿಡ್ಕೋಬೇಕು?" ಎಂದು ಅವಳು ಬೇಲಿಯಾಚೆ ನಿಂತ ಗಂಡನನ್ನು ಕೇಳಿದಳು.

"ಕಜ್ಜಿ ಮಾಯಲಿ, ಆಮ್ಯಾಲ ನೋಡೂಣು."

"ಇದು ಕಜ್ಜಿ ಅಂತ ಯಾರ್ ಹೇಳ್ಯಾರ?"

"ಯಾರೂ ಹೇಳಿಲ್ಲ. ನನಗೂ ತಿಳೀವಲ್ದು, ಹಾಲವ್ವ," ಎಂದು ಮಾಳಿಂಗನು ಅತ್ತುಬಿಟ್ಟನು.

ದಿಕ್ಕು ಕಾಣದ ಅವನು ಬೆಟ್ಟದ ಗುಹೆಯಲ್ಲಿ ತಪೋನಿರತನಾಗಿದ್ದ ದೀರ್ಘಜಪನೆಂಬ ಮುನಿಯ ಕಾಲಿಗೆ ಬಿದ್ದು ಕರೆತಂದನು. ವೇದವೇದಾಂಗಪಾರಂಗತನಾದ ಆ ಮುನಿವರ್ಯನು ಕಣ್ಣುಮುಚ್ಚಿ ಜ್ಞಾನದೃಷ್ಟಿಯಿಂದ ಅವಲೋಕಿಸಿ ಸರ್ಪಶಾಪವೆಂದನು, ಮರುಕ್ಷಣವೇ ಅಲ್ಲವೆಂದು ಪಿತೃದೋಷವೆಂದನು, ಅದೂ ಹೊಂದದೆ ಕಮಂಡಲುವನ್ನು ಒಮ್ಮೆ ಬಲಗೈಗೂ ಒಮ್ಮೆ ಎಡಗೈಗೂ ಬದಲಿಸುತ್ತ, "ಪೂರ್ವಜನ್ಮದಲ್ಲಿ ನೀನು ಮಾಡಿದ ಪಾಪವೇನು, ತಾಯೀ? ನೀನೇ ಹೇಳಿಬಿಡು," ಎಂದು ಅಂಗಲಾಚಿದನು.

"ಈ ಜನ್ಮದ್ದ ನೆನಪಿಗೆ ಬರವಲ್ದು ಯಪ್ಪಾ, ಹೋದ ಜನ್ಮದ್ದ ಎಲ್ಲಿಂದ ತರ್ಲಿ?" ಎಂದ ಹಾಲವ್ವನು, ತಾಳಲಾರದ ನವೆಯಿಂದ ಬಂಡೆಗೆ ಬೆನ್ನು ಕೊಟ್ಟು ಗಸಗಸನೆ ತಿಕ್ಕತೊಡಗಿದಳು.

ಆಗ ಬಂಡೆಯು ಸುಖದಿಂದ ನಿಟ್ಟುಸಿರಿಟ್ಟಿತು. "ನಿಲ್ಲಿಸಬೇಡ ಮಗಳೇ," ಎಂದಿತು, "ನನಗೂ ಅಲ್ಲೇ ತುರಿಸುತ್ತಿದೆ. ಇನ್ನೂ ಸ್ವಲ್ಪ ಮೇಲೆ."

ಮುನಿಯು ಯಾವ ಮಂತ್ರವನ್ನು ಪಠಿಸಬೇಕೆಂದು ತಿಳಿಯದೆ ಬಾಯ್ದೆರೆದು ನಿಂತನು. ಮಾಳಿಂಗನು ಬಂಡೆಯನ್ನು ನೋಡಿದನು, ಹೆಂಡತಿಯನ್ನು ನೋಡಿದನು, ಮಾತನಾಡಿದವರು ಯಾರೆಂದು ಅವನಿಗೆ ಬಗೆಹರಿಯಲಿಲ್ಲ. ಹಾಲವ್ವನು ಮಾತ್ರ ಅನುಮಾನಿಸದೆ ಇನ್ನೂ ಸ್ವಲ್ಪ ಮೇಲೆ ತಿಕ್ಕಿದಳು. ಆ ಕ್ಷಣದಲ್ಲಿ ದಶದಿಕ್ಕುಗಳನ್ನು ತುಂಬಿದ ಗಂಭೀರವಾಣಿಯು ಮೊಳಗಿತು:

"ಎಲೈ ಮುನಿಯೇ, ಹುಡುಕುವುದನ್ನು ಬಿಡು. ಇದು ಪಾಪದ ಫಲವಲ್ಲ, ಯಾರ ಶಾಪವೂ ಅಲ್ಲ, ಇವಳಿಂದ ಇನ್ನೊಬ್ಬಳಿಗೆ ಅಂಟುವುದೂ ಅಲ್ಲ. ನಾನು ಭೂಮಿ. ಇಂದು ಸೀಗೆ ಹುಣ್ಣಿಮೆ, ಹೊಲದ ಪೈರನ್ನೆಲ್ಲ ಹೊತ್ತ ತುಂಬುಬಸುರಿ ನಾನು. ಹೊತ್ತವಳ ಚರ್ಮವು ಹಿಗ್ಗುತ್ತದೆ, ಹಿಗ್ಗಿದ ಚರ್ಮವು ತುರಿಸುತ್ತದೆ. ನನಗೆ ನೈವೇದ್ಯದ ಚರಗವನ್ನು ಹೊಲದ ತುಂಬ ಚೆಲ್ಲುತ್ತೀರಿ, ಬಯಕೆಯ ಅಡುಗೆ ತಂದು ಉಣಿಸುತ್ತೀರಿ. ಇವಳಿಗೆ ಮುಳ್ಳಿನ ಬೇಲಿಯೇ?"

"ಹಾಗಾದರೆ ಪರಿಹಾರವೇನು, ಜಗನ್ಮಾತೆ?" ಎಂದನು ಮುನಿ.

"ತಣ್ಣನೆಯದನ್ನು ಹಚ್ಚಿರಿ. ಮೆತ್ತನೆಯದನ್ನು ಉಡಿಸಿರಿ. ಪಕ್ಕದಲ್ಲಿ ಕುಳಿತುಕೊಳ್ಳಿರಿ."

ಇಷ್ಟು ಸರಳ ಉತ್ತರವನ್ನು ದೀರ್ಘಜಪನು ತನ್ನ ತಪಸ್ಸಿನಲ್ಲೆಂದೂ ಪಡೆದಿರಲಿಲ್ಲವಾದ್ದರಿಂದ ಮುಂದೇನಾದರೂ ಇದೆಯೇ ಎಂದು ಬಹಳ ಹೊತ್ತು ಕಾದನು. ಮಾಳಿಂಗನು ಕಾಯಲಿಲ್ಲ. ಬೇಲಿಯನ್ನು ಬರಿಗೈಯಿಂದ ಕಿತ್ತೆಸೆದು, ಮುಳ್ಳು ತರಚಿದ ಅದೇ ಕೈಯಿಂದ ತಣ್ಣನೆಯ ಮೊಸರನ್ನು ಹೆಂಡತಿಯ ತೋಳಿಗೆ ಸವರುತ್ತ, "ತಪ್ಪಾತು, ಹಾಲವ್ವ," ಎಂದನು. ಅವಳು ಕ್ಷಮಿಸಿದಳೆಂದು ಕೆಲವರು ಹೇಳುತ್ತಾರೆ. ನಮ್ಮ ಮನೆಯ ಹೆಂಗಸರ ಪ್ರಕಾರ ಅವಳು, "ಮದ್ಲ ಬೆನ್ನಿಗೆ ಹಚ್ಚು," ಎಂದಳು. ಸುದ್ದಿ ತಿಳಿದ ಸೂಲಗಿತ್ತಿಯೂ ನಾಚಿ ಬೆಟ್ಟವೇರಿ ಬಂದಳು, ಅತ್ತೆ ಬಾಳವ್ವನು ತನ್ನ ಹಳೆಯ ಮೆತ್ತನೆಯ ಸೀರೆಯನ್ನು ತಂದಳು. ದಿನ ತುಂಬಿದಾಗ ಆ ಬಂಡೆಯ ನೆರಳಿನಲ್ಲಿಯೇ, ಗಂಡನು ಅತ್ತ ಮುಖಮಾಡಿ ಕೈ ಹಿಡಿದಿರಲಾಗಿ, ಹಾಲವ್ವನು ಹೆಣ್ಣುಮಗುವನ್ನು ಹಡೆದಳು.

ಆ ಬಂಡೆಯೇ ಇಂದು ಗರ್ಭಗುಡಿಯಿಲ್ಲದೆ ಬಯಲಿನಲ್ಲಿ ಪೂಜೆಗೊಳ್ಳುತ್ತಿರುವ ಶ್ರೀ ಬೆನ್ನುಗಲ್ಲಮ್ಮ. ಅಸಂಖ್ಯಾತ ಬಸುರಿಯರ ಬೆನ್ನು ತಿಕ್ಕಿ ನುಣುಪಾದ ಅದರ ಮಗ್ಗುಲನ್ನು ಭಕ್ತಾದಿಗಳು ಈಗಲೂ ಮುಟ್ಟಿ ನೋಡಬಹುದು. ಪ್ರತಿ ಸೀಗೆ ಹುಣ್ಣಿಮೆಯಂದು ಮೊಸರಿನ ಸೇವೆಯು ಮೊದಲು ಅಮ್ಮನಿಗೂ ಅನಂತರ ಬಸುರಿಗೂ ನಡೆಯುತ್ತದೆ. ಹಚ್ಚತಕ್ಕವನು ಗಂಡನೇ, ಪೂಜಾರಿಯಲ್ಲ. ಏನು ತಪ್ಪು ಮಾಡಿದ್ದೆ ಎಂದು ಯಾರೂ ಯಾರನ್ನೂ ಇಲ್ಲಿ ಕೇಳತಕ್ಕದ್ದಲ್ಲ. ಅಂಗೈ ಅಂಗಾಲು ವಿಪರೀತ ತುರಿಸುವವರನ್ನು ನಮ್ಮ ಪೂಜಾರಿಯು ಮೊದಲು ಆಸ್ಪತ್ರೆಗೆ ಕಳುಹಿಸುತ್ತಾನೆ. ಇದರಿಂದ ಅಮ್ಮನಿಗೆ ಕೋಪ ಬಂದಂತೆ ಕಂಡಿಲ್ಲ.

ಸೇವೆ ಮಾಡಿಸಿದೊಡನೆ ತುರಿಕೆ ನಿಲ್ಲುವುದೇ ಎಂದು ಅನೇಕರು ಕೇಳುತ್ತಾರೆ. ಸುಳ್ಳು ಹೇಳಲಾರೆ. ಹಾಲವ್ವನಿಗೂ ಅಂದು ನಿಲ್ಲಲಿಲ್ಲ, ಹಡೆಯುವವರೆಗೂ ಇತ್ತು. ಆದರೆ ಆ ಹುಣ್ಣಿಮೆಯಿಂದಾಚೆಗೆ ಅವಳು ಒಬ್ಬಳೇ ಕೂತು ಕೆರೆದುಕೊಳ್ಳಲಿಲ್ಲ.