ಹೊಳೆಯಮ್ಮನ ಕಲ್ಲು ಕಿತ್ತ ಕುಳಿ

ರತ್ನಪ್ರಭಾ ಅವರು ಚಿಕ್ಕಂದಿನಲ್ಲಿ ಕೇಳಿದ ಕತೆಯಲ್ಲಿ ಕಿರಿಸೊಸೆ ದೀಪ ಹಚ್ಚಲು ಮರೆತಳು, ಹೊಳೆಯಮ್ಮ ಮುನಿದಳು, ಮನೆಗಳು ಮುಳುಗಿದವು. ಒಬ್ಬಳು ಮರೆತರೆ ಮೂರು ಮನೆ ಏಕೆ ಮುಳುಗಬೇಕು ಎಂಬುದು ಅವರಿಗೆ ಅಂದೂ ಅರ್ಥವಾಗಿರಲಿಲ್ಲ. ಈಗ ಮೊಮ್ಮಗಳು ಇಂಪನಾ ತೊಡೆಯ ಮೇಲೆ ತೂಕಡಿಸುತ್ತಿರುವಾಗ, ಅದನ್ನೇ ಹೇಳಲೋ, ತಿದ್ದಿ ಹೇಳಲೋ ಎಂದು ತಿಳಿಯದೆಯೇ ಆರಂಭಿಸಿದರು.

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನನ್ನ ಕೇಳಬೇಡ, ಹೊಳೆದಂಡೆಯ ಊರಲ್ಲಿ ದೇವೀರಮ್ಮ ಅಂತ ಇದ್ದಳಂತೆ, ಅವಳಿಗೆ ಮೂರು ಗಂಡುಮಕ್ಕಳಂತೆ. ಊರ ದಿಬ್ಬದ ಮೇಲೆ ಹೊಳೆಯಮ್ಮನ ಕಲ್ಲು. ಅಮ್ಮ ಅಲ್ಲೀತನಕ ಬರ್ತಾಳೆ, ಕಲ್ಲಿಂದ ಕೆಳಗೆ ದನ ಮೇಯಿಸಿ, ಹುರುಳಿ ಬಿತ್ತಿ, ಒಲೆ ಮಾತ್ರ ಹೂಡಬೇಡಿ ಅಂತ ಹಿರಿಯರು ಹೇಳಿದ್ದರಂತೆ. ಆಮೇಲೆ ಬಹಳ ವರ್ಷ ಹೊಳೆ ಸಣ್ಣಗೇ ಹರಿಯಿತಂತೆ. ಎಡೆ ಹೊತ್ತು ದಿಬ್ಬ ಹತ್ತಿ ಮಂಡಿ ಹೋಯ್ತು ಕಣ್ರೋ ಅಂತ ದೇವೀರಮ್ಮ ಗೊಣಗಿದ್ದಕ್ಕೆ, ದೊಡ್ಡ ಮಗ ಕಲ್ಲನ್ನ ಕಿತ್ತು ಅರ್ಧ ದಾರಿಗೆ ಇಳಿಸಿ, ಅದಕ್ಕಿಂತ ಒಂದಿಷ್ಟು ಮೇಲೆ ಮನೆ ಕಟ್ಟಿದನಂತೆ. ಆಮೇಲೆ ನಡುವಿನವನು ಇನ್ನೊಂದಿಷ್ಟು ಇಳಿಸಿ ತಾನೂ ಕಟ್ಟಿದನಂತೆ, ಆಮೇಲೆ ಕಿರಿಯವನು ನೀರಿನ ಅಂಚಿಗೇ ತಂದಿಟ್ಟನಂತೆ. ನೋಡು, ಮೂವರೂ ಕಲ್ಲಿಗಿಂತ ಮೇಲ್ಗಡೆಯೇ ಒಲೆ ಹೂಡಿದ್ದು, ಹಿರಿಯರ ಮಾತು ಯಾರೂ ಮೀರಲಿಲ್ಲ.

ಆಮೇಲೆ ಒಂದು ಮಳೆಗಾಲ ಹೊಳೆ ಉಕ್ಕಿ ಮೂರು ಮನೆಯನ್ನೂ ಕೊಚ್ಚಿಕೊಂಡು ಹೋಯಿತಂತೆ, ಇವರೆಲ್ಲ ದಿಬ್ಬಕ್ಕೆ ಓಡಿ ಉಳಿದರಂತೆ. ದೇವೀರಮ್ಮನಿಗೆ ದಿಕ್ಕೇ ತೋಚದೆ, ಕಿರಿಸೊಸೆ ಪುಟ್ಟತಾಯಿ ಕಲ್ಲಿಗೆ ದೀಪ ಹಚ್ಚಲಿಲ್ಲ, ನೀರಿಳಿದ ಕೂಡಲೇ ಇವಳನ್ನ ತವರಿಗೆ ಅಟ್ಟಿಬಿಡಿ ಅಂದಳಂತೆ. ಪುಟ್ಟತಾಯಿಗೂ ಗಲಿಬಿಲಿ, ತಾನು ಹಚ್ಚಿದ್ದೆನೋ ಇಲ್ಲವೋ ಅಂತ. ನೀರಿಳಿಯಿತು, ಅವಳು ಗಂಟು ಕಟ್ಟಿಕೊಂಡು ಹೊರಟಳು, ದಿಬ್ಬದ ಮೇಲೆ ಕಲ್ಲು ಕಿತ್ತ ಜಾಗದಲ್ಲಿ ಎಲ್ಲರೂ ಮರೆತಿದ್ದ ಹಳೇ ಕುಳಿಗೆ ಕಾಲು ಸಿಕ್ಕಿತಂತೆ. ಬಗ್ಗಿ ನೋಡಿದರೆ ಹೊಳೆ ತಂದ ಕಸಕಡ್ಡಿಯೆಲ್ಲ ಕುಳಿಯ ಅಂಚಿಗೆ ಬಂದು ನಿಂತಿದೆ. ಅತ್ತೇ, ಹೊಳೆಯಮ್ಮ ತನ್ನ ಜಾಗಕ್ಕೇ ಬಂದು ಹೋಗಿದ್ದಾಳೆ, ಕಲ್ಲೇ ಇಲ್ಲಿಲ್ಲ ಅಂದಳಂತೆ. ದೇವೀರಮ್ಮ ಕಸ ನೋಡಿದಳು, ಕುಳಿ ನೋಡಿದಳು, ಆಮೇಲೆ ಮಕ್ಕಳ ಕಡೆ ತಿರುಗಿ, ಇಳಿಸೋದು ಕಲಿತಿದ್ದೀರಲ್ಲ, ಹತ್ತಿಸೋದೂ ಕಲೀರಿ, ಹೊತ್ತು ತನ್ನಿ ಕಲ್ಲನ್ನ ಅಂತ ಹೇಳಿ, ಸೊಸೆಯ ಗಂಟನ್ನ ತಾನೇ ಬಿಚ್ಚಿದಳಂತೆ. ಮನೆಗಳು ದಿಬ್ಬಕ್ಕೆ ಬಂದವು, ತಗ್ಗು ಹೊಳೆಗೇ ಉಳಿಯಿತು, ನೀರಿಳಿದ ಮೇಲೆ ಅಲ್ಲಿ ಹುರುಳಿ ಬೆಳೆಯಿತು. ಕತೆ ದಿಬ್ಬ ಹತ್ತಿತು, ನೀನು ಕಣ್ಣು ಮುಚ್ಚು.

ಅಜ್ಜೀ, ದೀಪ ಹಚ್ಚಿದ್ದಳಾ, ಇಲ್ವಾ, ಎಂದಳು ಇಂಪನಾ.

ನನಗೂ ಗೊತ್ತಿಲ್ಲ ಕಣೇ.

ದೀಪದ ವಿಷಯವನ್ನು ಪತ್ತೆಹಚ್ಚಲು ದಾರಿಯಿರಲಿಲ್ಲ. ಆದರೆ ರತ್ನಪ್ರಭಾ ಅವರ ತವರೂರಿನ ದಿಬ್ಬದ ಮೇಲೆ, ಹೊಳೆಯಮ್ಮನ ಕಲ್ಲು ಕಿತ್ತದ್ದು ಇಲ್ಲೇ ಎಂದು ಜನ ತೋರಿಸುವ ಕುಳಿಯೊಂದಿತ್ತು. ಕಳೆದ ನೆರೆ ಇಳಿದ ಮೇಲೆ ಅವರು ಗಾರೆ ಮೇಸ್ತ್ರಿಯೊಬ್ಬನನ್ನು ಕರೆದೊಯ್ದು, ಎರಡು ಜಾಗದ ಎತ್ತರ ಹೋಲಿಸಲು ಬಳಸುವ, ನೀರು ತುಂಬಿದ ಪೈಪಿನ ಒಂದು ತುದಿಯನ್ನು ನೆರೆ ಊರ ಶಾಲೆಯ ಗೋಡೆಯ ಮೇಲೆ ಬಿಟ್ಟುಹೋದ ಕೆಸರುಗೆರೆಗೂ ಇನ್ನೊಂದನ್ನು ಆ ಕುಳಿಯ ಬಳಿಯೂ ಹಿಡಿಸಿ ಅಳೆದಿದ್ದರು. ಕೆಸರುಗೆರೆ ಕುಳಿಯ ಅಂಚಿಗಿಂತ ನಾಲ್ಕೇ ಬೆರಳು ಕೆಳಗಿತ್ತು.