ತವರಿನ ಬಿದಿರುಗಂಟೆ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಒಂದು ರಾಜ್ಯದಲ್ಲಿ ಪದುಮಲೆ ಅಂತ ಒಬ್ಬ ರಾಣಿ ಇದ್ದಳು. ಬಿದಿರುಕಾಡಿನ ನಾಡಿಂದ ಮದುವೆಯಾಗಿ ಬಂದವಳು. ಅರಮನೆಯಲ್ಲಿ ಎಲ್ಲವೂ ಇತ್ತು, ತವರಿನ ಗಾಳಿಗಂಟೆಯ ಸದ್ದೊಂದು ಇರಲಿಲ್ಲ. ಬೆಳಗಾದರೆ ಸಾಕು, ಪೂರ್ವದ ಕಿಟಕಿಯಲ್ಲಿ ಕೂತು ಅದನ್ನೇ ನೆನೆಯುತ್ತಿದ್ದಳು.

ರಾಜ ಮಲ್ಲರಸ ಆ ಕಿಟಕಿಗೆ ಹಿತ್ತಾಳೆಯ ಗಂಟೆ ಕಟ್ಟಿಸಿದ. ಅದು ಕಿವಿಗೆ ಚುಚ್ಚಿತು. ಮಣ್ಣಿನ ಗಂಟೆ ಕಟ್ಟಿಸಿದ. ಅದು ಮಂಕಾಗಿ ಗೊಣಗಿತು. ಕೊನೆಗೆ ಪೂರ್ವದೇಶದ ಪಂಡಿತನೊಬ್ಬನನ್ನು ಕರೆಸಿದ. ಗಾಳಿ-ನೀರಿನ ಶಾಸ್ತ್ರ ಬಲ್ಲವನು. ಫೆಂಗ್ ಶೂಯಿ ಅಂತ ಅದರ ಹೆಸರು. ಅವನು ಕೋಣೆಯೆಲ್ಲ ಸುತ್ತಿ ನೋಡಿದ. ಪಶ್ಚಿಮಕ್ಕೆ ಲೋಹ, ನೈಋತ್ಯಕ್ಕೆ ಮಣ್ಣು, ಪೂರ್ವಕ್ಕೆ ಮರ ಅಂದ. ಈ ಕಿಟಕಿಗೆ ಬಿದಿರೇ ಆಗಬೇಕು, ಪ್ರಾಣಶಕ್ತಿ ಮೇಲೇರುವಂತೆ ಕೊಳವೆ ಟೊಳ್ಳಾಗಿರಬೇಕು ಅಂತಲೂ ಹೇಳಿದ.

ರಾಣಿಯ ಮುಖ ಅರಳಿತು. ತವರಲ್ಲೂ ಪೂರ್ವದ ಜಗಲಿಗೆ ಬಿದಿರುಗಂಟೆಯೇ. ಅಲ್ಲಿಂದಲೇ ಒಂದು ತರಿಸಿಕೊಡಿ ಎಂದು ಕೇಳಿದಳು.

ಮಂತ್ರಿ ಕೇತಪ್ಪ ತಾನೇ ಹೋಗುತ್ತೇನೆಂದು ಹೊರಟ. ಅವನಿಗೆ ಹೊಗಳಿಕೆ ಬೇಕು, ಪ್ರಯಾಣ ಬೇಡ. ಅರ್ಧ ದಾರಿಯಲ್ಲಿ ಮಾವನ ಮನೆ ಸಿಕ್ಕಿತು. ಅಲ್ಲೇ ಉಂಡ, ಅಲ್ಲೇ ಮಲಗಿದ, ಅಲ್ಲೇ ಹಿತ್ತಲ ಬಿದಿರು ಕಡಿಸಿ ಗಂಟೆ ಮಾಡಿಸಿಕೊಂಡು ಬಂದ.

ರಾಣಿ ಗಂಟೆ ಕಟ್ಟಿಸಿ ಕಿವಿಗೊಟ್ಟಳು. ಸದ್ದು ಇಂಪಾಗಿಯೇ ಇತ್ತು. ಯಾಕೋ ಮನಸ್ಸು ತುಂಬಲಿಲ್ಲ.

"ನಮ್ಮವ್ವನನ್ನು ಕಂಡಿರಾ ಮಂತ್ರಿಗಳೇ?"

"ಕಂಡೆ ಮಹಾರಾಣಿ. ಜಗಲಿಯಲ್ಲಿ ಕಣ್ಣು ಮುಚ್ಚಿ ಗಂಟೆಯ ಸದ್ದು ಕೇಳುತ್ತಾ ಕೂತಿದ್ದರು."

ರಾಣಿಯ ಕಣ್ಣು ತುಂಬಿತು. "ನಾನು ಹುಟ್ಟುವ ಮೊದಲಿಂದಲೂ ಅವ್ವನಿಗೆ ಕಿವಿ ಕೇಳಿಸದು. ಗಾಳಿ ಬಂದಾಗ ಕೊಳವೆಯ ಮೇಲೆ ಅಂಗೈ ಇಟ್ಟು ಅದರ ನಡುಕ ತಿಳಿಯುತ್ತಿದ್ದಳು. ಸದ್ದು ಹೇಗಿದೆ ಅಂತ ನಾನು ಅವಳ ಮಡಿಲಲ್ಲಿ ಕೂತು ಅವಳ ಕೈಮೇಲೆ ಬೆರಳಿಂದ ತಟ್ಟಿ ಹೇಳುತ್ತಿದ್ದೆ."

ಕೇತಪ್ಪ ನಡೆದದ್ದನ್ನೆಲ್ಲ ಒಪ್ಪಿಕೊಂಡು ಕಾಲಿಗೆ ಬಿದ್ದ. ರಾಜ ಅವನನ್ನು ಗಡೀಪಾರು ಮಾಡಲು ಹೊರಟ. ರಾಣಿ ತಡೆದಳು. ಅವನು ಈಗಲಾದರೂ ತನ್ನ ತವರಿಗೆ ಹೋಗಿಬರಲಿ, ಅವ್ವನನ್ನೇ ಕರೆತರಲಿ ಅಂದಳು. ಬರುವಾಗ ಅವ್ವನಿಗೆ ಪಲ್ಲಕ್ಕಿ, ಕೇತಪ್ಪನಿಗೆ ಹೋಗುವಾಗಲೂ ಬರುವಾಗಲೂ ಕಾಲುನಡಿಗೆ.

ಅವನು ಕಾಡು ದಾಟಿದ, ಹೊಳೆ ದಾಟಿದ, ಗುಡ್ಡ ಹತ್ತಿ ಇಳಿದ. ಒಂದು ಬೆಳಗ್ಗೆ ಪಲ್ಲಕ್ಕಿ ಊರಬಾಗಿಲಿಗೆ ಬಂತು. ಹಿಂದೆ ಧೂಳು ಮೆತ್ತಿಕೊಂಡ ಕೇತಪ್ಪ. ರಾಣಿ ಬರಿಗಾಲಲ್ಲಿ ಓಡಿಹೋಗಿ, ಪುಟ್ಟ ಹುಡುಗಿಯ ಹಾಗೆ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದಳು.

ಅದಕ್ಕೇ ಮಕ್ಕಳೇ, ಇನ್ನೊಬ್ಬರ ಹಂಬಲಕ್ಕೆ ಸುಳ್ಳನ್ನು ತಂದುಕೊಡಬಾರದು. ಪ್ರೀತಿಯಿಂದ ನೆನೆಯುವವರಿಗೆ ನೆನೆದದ್ದರ ಒಂದೊಂದು ಗುರುತೂ ಗೊತ್ತಿರುತ್ತದೆ.